ಕತ್ತರಿಸಿ ತೆಗೆದ 38 ಸೆಕೆಂಡು

ಕಲಾವಿದರ ಮನೆಗೆ ಸಂದರ್ಶನ ಚಿತ್ರೀಕರಿಸಲು ಹೋದವರು ಮೊದಲು ಮಾಡಬೇಕಾದ ಕೆಲಸ ಫ್ಯಾನ್ ಆರಿಸುವುದು. ಇದನ್ನು ನನಗೆ ಯಾರೂ ಹೇಳಿಕೊಟ್ಟಿರಲಿಲ್ಲ. ದೃಶ್ಯಕಲೆಯ ಸ್ನಾತಕೋತ್ತರ ತರಗತಿಯಲ್ಲಿದ್ದಾಗ ನಾವು ನಾಲ್ಕು ಜನ ಸಹಪಾಠಿಗಳು ಸೇರಿ ಹಿರಿಯ ಕಲಾವಿದರ ಮಾತುಗಳನ್ನು ದಾಖಲಿಸಬೇಕೆಂದು ಹೊರಟೆವು. ನಮ್ಮ ಬಳಿ ಇದ್ದದ್ದು ಎರವಲು ತಂದ ಒಂದು ಕ್ಯಾಮೆರಾ, ಒಂದು ಟ್ರೈಪಾಡ್, ಅಂಗಿಯ ಕಾಲರಿಗೆ ಸಿಕ್ಕಿಸುವ ಮೈಕು, ಅದಕ್ಕೆ ಜೋಡಿಸಿದ ಅಂಗೈಯಗಲದ ರೆಕಾರ್ಡರು. ಮೊದಲ ಸಂದರ್ಶನ ಮುಗಿಸಿ ಬಂದು ಕಂಪ್ಯೂಟರಿಗೆ ಹಾಕಿ ನೋಡಿದರೆ ಚಿತ್ರ ಸೊಗಸಾಗಿತ್ತು. ಕಿಟಕಿಯ ಬೆಳಕು ಮುಖದ ಒಂದು ಬದಿಗೆ ಬಿದ್ದಿತ್ತು, ಹಿಂದೆ ಗೋಡೆಗೆ ಒರಗಿಸಿದ ಕ್ಯಾನ್ವಾಸುಗಳ ಸಾಲಿತ್ತು. ಚಿತ್ರಕಲೆ ಓದುವ ಮಕ್ಕಳು ಚೌಕಟ್ಟು ಕಟ್ಟುವುದರಲ್ಲಿ ಸೋಲುವುದಿಲ್ಲ. ಆದರೆ ಮಾತು ಮಾತ್ರ ಹಿಟ್ಟಿನ ಗಿರಣಿಯೊಳಗೆ ಕೂತು ಆಡಿದ ಹಾಗೆ ಕೇಳುತ್ತಿತ್ತು. ತಲೆಯ ಮೇಲಿನ ಫ್ಯಾನು ಒಂದೂವರೆ ಗಂಟೆ ಬಿಡದೆ ತಿರುಗಿತ್ತು.

ಆಮೇಲೆ ಒಂದೊಂದಾಗಿ ಕಲಿತೆವು. ಫ್ರಿಜ್ಜನ್ನೂ ಆರಿಸಬೇಕು. ಆರಿಸಿದ ಮೇಲೆ ನಮ್ಮ ಸ್ಕೂಟರಿನ ಕೀಲಿಯನ್ನು ಅದರೊಳಗೇ ಇಡಬೇಕು, ಇಲ್ಲದಿದ್ದರೆ ಮತ್ತೆ ಹಾಕುವುದನ್ನು ಮರೆತು ಹೊರಟು, ಅವರ ಮನೆಯ ಹಾಲು ಒಡೆಯುತ್ತದೆ. ಶಟರಿನ ವೇಗವನ್ನು ಸೆಕೆಂಡಿನ 50ರಲ್ಲಿ ಒಂದು ಭಾಗಕ್ಕೆ ಇಟ್ಟುಕೊಳ್ಳಬೇಕು, ಇಲ್ಲದಿದ್ದರೆ ಟ್ಯೂಬ್‌ಲೈಟು ಚಿತ್ರದಲ್ಲಿ ಮಿನುಗುತ್ತದೆ. ಎಲ್ಲ ಮುಗಿದ ಮೇಲೆ ಯಾರೂ ಉಸಿರೆತ್ತದೆ ಒಂದು ನಿಮಿಷ ಕೂತು, ಬರೀ ಕೋಣೆಯ ಸದ್ದನ್ನು ಧ್ವನಿಮುದ್ರಿಸಿಕೊಳ್ಳಬೇಕು. ಇದಕ್ಕೆ 'ರೂಮ್ ಟೋನ್' ಅನ್ನುತ್ತಾರೆ. ಸಂಕಲನದಲ್ಲಿ ಮಾತನ್ನು ಕತ್ತರಿಸಿದ ಕಡೆ ಸದ್ದಿನಲ್ಲಿ ಗುಂಡಿ ಬೀಳುತ್ತದೆ. ಈ ಕೋಣೆಯ ಮೌನವನ್ನು ತೇಪೆಯಾಗಿ ಹಾಕಿ ಅದನ್ನು ಮುಚ್ಚಬಹುದು. ಮಾತಾಡುವವರ ಮೌನವನ್ನು ಕಿತ್ತು ತೆಗೆದು, ಆ ಜಾಗಕ್ಕೆ ಕೋಣೆಯ ಮೌನವನ್ನು ಹಚ್ಚುವ ಈ ಕೆಲಸ ವಿಚಿತ್ರ ಅಂತ ಆಗ ನನಗೆ ಅನ್ನಿಸಿರಲಿಲ್ಲ.

2018ರ ಮೇ ತಿಂಗಳಲ್ಲಿ ಮೈಸೂರಿನಲ್ಲಿ ಒಬ್ಬ ನಿವೃತ್ತ ಡ್ರಾಯಿಂಗ್ ಮೇಷ್ಟ್ರ ಸಂದರ್ಶನ ಮಾಡಿದೆವು. 82 ವರ್ಷ. ಪ್ರೌಢಶಾಲೆಗಳಲ್ಲಿ ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಕಲಿಸಿ, ಡ್ರಾಯಿಂಗ್ ಲೋಯರ್, ಹೈಯರ್ ಪರೀಕ್ಷೆಗಳಿಗೆ ಲೆಕ್ಕವಿಲ್ಲದಷ್ಟು ಮಕ್ಕಳನ್ನು ಕೂರಿಸಿದವರು. ಅವರ ಜಲವರ್ಣದ ಚಿತ್ರಗಳು ಮೈಸೂರಿನ ಹೊರಗೆ ಹೆಚ್ಚು ಜನಕ್ಕೆ ಗೊತ್ತಿಲ್ಲ. ನಾವು ಮೂರನೇ ಸಂದರ್ಶನಕ್ಕೆ ಕೈಹಾಕಿದ್ದರಿಂದ ಅಷ್ಟಿಷ್ಟು ಪಳಗಿದ್ದೆವು. ಫ್ಯಾನು ಆರಿಸಿ, ಅಡುಗೆಮನೆಯ ಬಾಗಿಲು ಎಳೆದುಕೊಂಡು ಕೂತೆವು. ಬಿಡುವು ಬಿಡುವಾಗಿ ಎರಡು ಗಂಟೆ ನಲವತ್ತು ನಿಮಿಷ ಮಾತಾಡಿದರು. ಅವರು ನಿಧಾನಕ್ಕೆ ಮಾತಾಡುವವರು. ಒಂದು ವಾಕ್ಯ ಶುರುಮಾಡಿ, ಅರ್ಧಕ್ಕೆ ಬಿಟ್ಟು, ಹಿಂದಕ್ಕೆ ಹೋಗಿ, "ಅಂದ್ರೆ... ಏನು ಅಂದ್ರೆ..." ಎಂದು ತಡವರಿಸಿ, ಮತ್ತೊಂದು ದಾರಿಯಿಂದ ಅದೇ ಜಾಗಕ್ಕೆ ಬರುತ್ತಿದ್ದರು.

ಸಂಕಲನ ನನ್ನ ಪಾಲಿಗೆ ಬಂತು. ಎರಡು ಗಂಟೆ ನಲವತ್ತು ನಿಮಿಷವನ್ನು ಹನ್ನೆರಡು ನಿಮಿಷಕ್ಕೆ ಇಳಿಸಬೇಕಿತ್ತು. ಮೂರು ವಾರ ಹಿಡಿಯಿತು, ಮತ್ತು ಹೇಳಲೇಬೇಕು, ಆ ಮೂರು ವಾರ ನನಗೆ ಸುಖವಾಗಿತ್ತು. ಧ್ವನಿಯ ಅಲೆಗಳು ಪರದೆಯ ಮೇಲೆ ಬೆಟ್ಟಸಾಲಿನ ಹಾಗೆ ಕಾಣುತ್ತವೆ. ಮಾತು ಬೆಟ್ಟ, ಮೌನ ಬಯಲು. ಬಯಲುಗಳನ್ನು ಆರಿಸಿ ಆರಿಸಿ ಅಳಿಸುತ್ತಾ ಹೋದೆ. ಒಂದೊಂದು 'ಅಂದ್ರೆ'ಯನ್ನೂ ಹೆಕ್ಕಿ ತೆಗೆದೆ. ಹಾಗೆ ಕತ್ತರಿಸಿದಲ್ಲೆಲ್ಲ ಮುಖ ಗಕ್ಕನೆ ಜಿಗಿಯುತ್ತದಲ್ಲ, ಅದನ್ನು ಮುಚ್ಚಲು ಅವರ ಕೈಯ ಚಿತ್ರ, ಬಣ್ಣದ ಬಟ್ಟಲಿನ ಚಿತ್ರ, ಗೋಡೆಯ ಮೇಲಿನ ಚಾಮುಂಡಿ ಬೆಟ್ಟದ ಚಿತ್ರ. ಇದಕ್ಕೆ 'ಕಟ್‌ಅವೇ' ಎಂದು ಹೆಸರು. ಇನ್ನು ಮುಂದೆ ನೀವು ಯಾವುದೇ ಸಂದರ್ಶನ ನೋಡುವಾಗ ಮಾತಾಡುವವರ ಮುಖ ಹೋಗಿ ಇದ್ದಕ್ಕಿದ್ದಂತೆ ಕೈ ಕಾಣಿಸಿತೋ, ಆ ಕೈಯ ಕೆಳಗೆ ಬಹುಪಾಲು ಏನೋ ಒಂದು ಕತ್ತರಿಸಿದ ಗಾಯ ಇದೆ ಎಂದುಕೊಳ್ಳಿ.

ಚಿತ್ರ ಸಿದ್ಧವಾದ ಮೇಲೆ ಲ್ಯಾಪ್‌ಟಾಪ್ ಹೊತ್ತುಕೊಂಡು ಮೇಷ್ಟ್ರ ಮನೆಗೇ ಹೋಗಿ ತೋರಿಸಿದೆವು. ಕೊನೆಯವರೆಗೂ ಅಲುಗಾಡದೆ ನೋಡಿದರು. ಮುಗಿದ ಮೇಲೆ ಕನ್ನಡಕ ತೆಗೆದು ಒರೆಸುತ್ತಾ ಕೇಳಿದರು: "ಇಷ್ಟು ಜಾಣ ಯಾವಾಗ ಆದ್ನಮ್ಮ ನಾನು?"

ಎಲ್ಲರೂ ನಕ್ಕೆವು. ನಾನು ಅದನ್ನು ನನ್ನ ಸಂಕಲನಕ್ಕೆ ಸಿಕ್ಕ ಸರ್ಟಿಫಿಕೇಟು ಅಂದುಕೊಂಡೆ.

ಅದು ಹಾಗಲ್ಲದೆ ಇರಬಹುದು ಎಂಬ ಅನುಮಾನ ಬಂದದ್ದು ಪಿಎಚ್‌ಡಿಗೆ ಸೇರಿ, ಕಲಾವಿದರನ್ನು ಕುರಿತ ಹಳೆಯ ಸಾಕ್ಷ್ಯಚಿತ್ರಗಳನ್ನು ಸಾಲಾಗಿ ನೋಡತೊಡಗಿದಾಗ. ಕತ್ತರಿ ಹಿಡಿದವರಲ್ಲಿ ನಾನು ಮೊದಲನೆಯವಳೇನಲ್ಲ. ಈ ಕೆಲಸಕ್ಕೆ ನೂರು ವರ್ಷ ದಾಟಿದ ಚರಿತ್ರೆಯಿದೆ.

ಮೊದಲ ಮಹಾಯುದ್ಧದ ಆರಂಭದಲ್ಲಿ, 1914ರ ಅಕ್ಟೋಬರಿನಲ್ಲಿ, ಜರ್ಮನಿಯ 93 ಜನ ವಿದ್ವಾಂಸರು, ಕಲಾವಿದರು ತಮ್ಮ ದೇಶವನ್ನೂ ಅದರ ಸಂಸ್ಕೃತಿಯನ್ನೂ ಸಮರ್ಥಿಸಿಕೊಂಡು ಒಂದು ಹೇಳಿಕೆ ಹೊರಡಿಸಿದರು. ಪ್ಯಾರಿಸ್ಸಿನ ನಾಟಕಕಾರ ಸಾಷಾ ಗಿಟ್ರಿಗೆ ಆಗ ಮೂವತ್ತರ ಆಸುಪಾಸು. ಅವನ ಉತ್ತರ ಒಂದು ಸಿನಿಮಾ. ಕ್ಯಾಮೆರಾ ಹಿಡಿದು ಫ್ರಾನ್ಸಿನ ಹಿರಿಯರ ಮನೆಮನೆಗೆ ಹೋದ. ಶಿಲ್ಪಿ ರೊದಾಂ, ಚಿತ್ರಕಾರರಾದ ಕ್ಲಾಡ್ ಮೊನೇ, ರೆನ್ವಾ, ನಟಿ ಸಾರಾ ಬರ್ನಾರ್ಡ್, ಲೇಖಕ ಅನತೋಲ್ ಫ್ರಾನ್ಸ್ ಎಲ್ಲರೂ ಅದರಲ್ಲಿ ಇದ್ದಾರೆ. ಹೆಸರು 'ಸೆ ದ ಶೇ ನೂ', ಅಂದರೆ 'ನಮ್ಮ ಕಡೆಯವರು'. 1915ರ ನವೆಂಬರಿನಲ್ಲಿ ಪ್ಯಾರಿಸ್ಸಿನ ರಂಗಮಂದಿರವೊಂದರಲ್ಲಿ ಮೊದಲ ಪ್ರದರ್ಶನವಾಯಿತು. ಸುಮಾರು ಇಪ್ಪತ್ತು ನಿಮಿಷದ ಮೂಕಿಚಿತ್ರ.

ಅದರಲ್ಲಿ ರೆನ್ವಾ ಇರುವ ತುಣುಕನ್ನು ನಾನು ಎಷ್ಟು ಸಲ ನೋಡಿದ್ದೇನೋ ಲೆಕ್ಕವಿಲ್ಲ. ಆಗ ಆತನಿಗೆ 74. ಸಂಧಿವಾತದಿಂದ ಬೆರಳುಗಳು ಹಕ್ಕಿಯ ಕಾಲಿನ ಹಾಗೆ ಒಳಕ್ಕೆ ಮುದುರಿವೆ. ಪಕ್ಕದಲ್ಲಿ ನಿಂತ ಹದಿಹರೆಯದ ಮಗ ಕ್ಲಾಡ್ ಕುಂಚವನ್ನು ಆ ಮುದುರಿದ ಕೈಗೆ ಸಿಕ್ಕಿಸುತ್ತಾನೆ. ಆಮೇಲೆ ಕುಂಚ ಕ್ಯಾನ್ವಾಸಿನ ಕಡೆ ಹೋಗುವ ರಭಸ ನೋಡಿದರೆ ಆ ಕೈಗೆ ಕಾಯಿಲೆ ಇದೆ ಅಂತ ಅನ್ನಿಸುವುದೇ ಇಲ್ಲ. ತಲೆ ಎತ್ತುತ್ತಾನೆ, ತುಟಿ ಅಲುಗುತ್ತದೆ, ಯಾರಿಗೋ ಏನೋ ಹೇಳುತ್ತಾನೆ. ಏನು ಹೇಳಿದ?

ಅದನ್ನು ಗಿಟ್ರಿ ಹೇಳುತ್ತಿದ್ದ. ಪ್ರದರ್ಶನದ ದಿನ ವೇದಿಕೆಯ ಪಕ್ಕದಲ್ಲಿ ತಾನೇ ನಿಂತು, ತೆರೆಯ ಮೇಲೆ ತುಟಿ ಅಲುಗಿದಾಗ ಅವರ ಮಾತನ್ನು ತಾನೇ ಆಡಿ ತೋರಿಸುತ್ತಿದ್ದ. ನಮ್ಮ ಮೂಕಿಚಿತ್ರದ ಕಾಲದಲ್ಲಿ ಟೆಂಟುಗಳಲ್ಲಿ ಕತೆ ಹೇಳುವವರು ಇರುತ್ತಿದ್ದರಲ್ಲ, ಹಾಗೆ. 1952ರಲ್ಲಿ ಅದೇ ತುಣುಕುಗಳಿಗೆ ತನ್ನ ದನಿಯ ವಿವರಣೆ ಸೇರಿಸಿ ಚಿತ್ರವನ್ನು ಮತ್ತೆ ಕಟ್ಟಿದ. ಇಂದು ನಾವು ಕೇಳುವುದು ಆ ದನಿಯನ್ನು. ರೆನ್ವಾನ ಕೈ ರೆನ್ವಾನದೇ. ಮಾತು ಮಾತ್ರ ಗಿಟ್ರಿಯದು.

ಆ ಚಿತ್ರದಲ್ಲಿ ಇನ್ನೊಬ್ಬರಿದ್ದಾರೆ. ಡೆಗಾ. ಆತ ಕ್ಯಾಮೆರಾದ ಮುಂದೆ ಬರುವುದಿಲ್ಲ ಎಂದುಬಿಟ್ಟ. ಗಿಟ್ರಿ ಬಿಡಲಿಲ್ಲ. ಆತ ಬೀದಿಯಲ್ಲಿ ನಡೆದುಹೋಗುವಾಗ ಮರೆಯಿಂದ ಚಿತ್ರೀಕರಿಸಿದ. ಹೆಚ್ಚುಕಡಿಮೆ ಕಣ್ಣು ಹೋಗಿದ್ದ, ಬಿಳಿಗಡ್ಡದ ಮುದುಕನೊಬ್ಬ ಕೆಲವೇ ಸೆಕೆಂಡು ದಾಟಿ ಹೋಗುತ್ತಾನೆ. ಕಲಾಚರಿತ್ರೆಯ ವಿದ್ಯಾರ್ಥಿಯಾಗಿ ಆ ತುಣುಕು ಇರುವುದು ನನಗೆ ಖುಷಿ. ಅನುಮತಿಪತ್ರಕ್ಕೆ ಸಹಿ ಹಾಕಿಸಿಕೊಳ್ಳದೆ ಕ್ಯಾಮೆರಾ ಚೀಲದಿಂದ ತೆಗೆಯಬಾರದು ಎಂದು ಕಲಿತವಳಾಗಿ ನಾಚಿಕೆ. ಎರಡೂ ಒಟ್ಟಿಗೇ ಆಗುತ್ತದೆ.

ಗಿಟ್ರಿಯ ನಂತರ 1920ರ ದಶಕದಲ್ಲಿ ಬರ್ಲಿನ್ನಿನಲ್ಲಿ ಹಾನ್ಸ್ ಕ್ಯೂರ್ಲಿಸ್ ಎಂಬಾತ ಕಲಾವಿದರು ಕೆಲಸ ಮಾಡುವುದನ್ನು ವರ್ಷಗಟ್ಟಲೆ ಚಿತ್ರೀಕರಿಸಿದ. ಆ ಸರಣಿಯ ಹೆಸರೇ 'ಸೃಷ್ಟಿಸುವ ಕೈಗಳು'. ಆರಂಭದ ಈ ಚಿತ್ರಗಳೆಲ್ಲ ಕೈಗೆ ಅಂಟಿಕೊಂಡದ್ದಕ್ಕೆ ಸರಳ ಕಾರಣ, ಚಿತ್ರದ ಜೊತೆ ಮಾತನ್ನು ಹಿಡಿಯಲು ಆಗುತ್ತಿರಲಿಲ್ಲ. ಟಾಕಿ ಬಂದ ಮೇಲೂ ಧ್ವನಿಯ ಯಂತ್ರಗಳು ಸ್ಟುಡಿಯೋ ಬಿಟ್ಟು ಕದಲದಷ್ಟು ಭಾರ. ಹೆಗಲಿಗೆ ಹಾಕಿಕೊಂಡು ಹೋಗಬಹುದಾದ ನಾಗ್ರಾದಂಥ ಟೇಪ್‌ರೆಕಾರ್ಡರು, ಸದ್ದಿಲ್ಲದ ಹಗುರ ಕ್ಯಾಮೆರಾ ಇವೆರಡೂ ಜೊತೆಯಾಗಿ ಕೆಲಸಕ್ಕೆ ಒದಗಿದ್ದು 1960ರ ಆಸುಪಾಸಿನಲ್ಲಿ. ಅದಲ್ಲದೆ ಫಿಲ್ಮು ದುಬಾರಿ. ನೂರು ಅಡಿಯ 16 ಎಂಎಂ ಸುರುಳಿ ಎರಡು ಮುಕ್ಕಾಲು ನಿಮಿಷಕ್ಕೆ ಮುಗಿದುಹೋಗುತ್ತದೆ. ನಮ್ಮ ಮೇಷ್ಟ್ರು ಒಂದು ವಾಕ್ಯ ಶುರುಮಾಡಿ ಮುಗಿಸುವುದರೊಳಗೆ ಅರ್ಧ ಸುರುಳಿ ಓಡಿರುತ್ತಿತ್ತು. ಅಂಥ ಲೆಕ್ಕದಲ್ಲಿ ಮೌನವನ್ನು ಯಾರು ಚಿತ್ರೀಕರಿಸುತ್ತಾರೆ?

ಸುರುಳಿಯ ಈ ಒತ್ತಡವನ್ನೇ ಆಟ ಮಾಡಿಕೊಂಡವನು ಕ್ಲೂಝೋ. ಪಿಕಾಸೋ ಕುರಿತ ಆತನ ಚಿತ್ರ 1956ರಲ್ಲಿ ಬಂತು. ಶಾಯಿ ಹಿಂಬದಿಗೆ ಹಾಯುವ ಕಾಗದದ ಒಂದು ಬದಿಗೆ ಪಿಕಾಸೋ, ಇನ್ನೊಂದು ಬದಿಗೆ ಕ್ಯಾಮೆರಾ. ಕೈಯೂ ಇಲ್ಲ, ಮುಖವೂ ಇಲ್ಲ. ಗೆರೆ ತಾನೇ ತಾನಾಗಿ ಹುಟ್ಟುತ್ತದೆ. ಒಂದು ಕಡೆ ಕ್ಲೂಝೋ, ಇಷ್ಟೇ ಫಿಲ್ಮು ಉಳಿದಿದೆ ಎನ್ನುತ್ತಾನೆ. ಪಿಕಾಸೋ ಓಟಕ್ಕೆ ಬಿದ್ದವನಂತೆ ಬರೆಯುತ್ತಾನೆ. ಅಂದಹಾಗೆ ಆ ಚಿತ್ರದ ಛಾಯಾಗ್ರಾಹಕನ ಹೆಸರು ಕ್ಲಾಡ್ ರೆನ್ವಾ. ಗಿಟ್ರಿಯ ಚಿತ್ರದಲ್ಲಿ ಅಪ್ಪನ ಕೈಗೆ ಕುಂಚ ಸಿಕ್ಕಿಸಿದ ಹುಡುಗನಲ್ಲ. ಅದೇ ಹೆಸರಿನ ಅವನ ಅಣ್ಣನ ಮಗ, ಚಿತ್ರಕಾರ ರೆನ್ವಾನ ಮೊಮ್ಮಗ.

ಆದರೆ ಕ್ಯಾಮೆರಾದ ಮುಂದೆ ಕೂರುವುದು ಎಲ್ಲರಿಗೂ ಆಟವಲ್ಲ. 1950ರ ಬೇಸಿಗೆಯಲ್ಲಿ ಹಾನ್ಸ್ ನಾಮುತ್ ಎಂಬ ಛಾಯಾಗ್ರಾಹಕ ಅಮೆರಿಕದ ಲಾಂಗ್ ಐಲೆಂಡಿನಲ್ಲಿದ್ದ ಜಾಕ್ಸನ್ ಪೊಲಾಕ್‌ನ ಸ್ಟುಡಿಯೋಗೆ ಹೋಗಿ ಫೋಟೋ ತೆಗೆದ. ಆಮೇಲೆ ಸಿನಿಮಾ ಮಾಡುವ ಆಸೆ ಹುಟ್ಟಿತು. ನಾಮುತ್‌ಗೆ ಸಿನಿಮಾ ಹೊಸದು. ಹಾಗೆ ನೋಡಿದರೆ ನಮ್ಮಂತೆಯೇ ಕಲಿಯುತ್ತಾ ಮಾಡಿದವನು. ಸ್ಟುಡಿಯೋದೊಳಗಿನ ಬೆಳಕು ಬಣ್ಣದ ಫಿಲ್ಮಿಗೆ ಸಾಲದು, ದೀಪಗಳಿಗೆ ದುಡ್ಡಿಲ್ಲ. ಆದ್ದರಿಂದ ಪೊಲಾಕ್ ಮನೆಯ ಹೊರಗೆ ಬಂದು ಬಿಸಿಲಲ್ಲಿ ಚಿತ್ರ ಬರೆಯಬೇಕಾಯಿತು. ವಾರಾಂತ್ಯಗಳಲ್ಲಿ ಚಿತ್ರೀಕರಣ. ಈಗ ನಿಲ್ಲು, ಈಗ ಶುರುಮಾಡು. ಕ್ಯಾನ್ವಾಸಿನ ಮೇಲೆ ಬಣ್ಣ ಸುರಿಯುವವನ ಮುಖವೂ ಕಾಣಬೇಕೆಂದು ಕೊನೆಗೆ ಒಂದು ದೊಡ್ಡ ಗಾಜನ್ನು ಎತ್ತರದಲ್ಲಿ ಇಟ್ಟು, ನಾಮುತ್ ಅದರ ಕೆಳಗೆ ಮಲಗಿ ಚಿತ್ರೀಕರಿಸಿದ. ಆ ಗಾಜು ಈಗ ಕೆನಡಾದ ರಾಷ್ಟ್ರೀಯ ಗ್ಯಾಲರಿಯಲ್ಲಿದೆ.

ಕೊನೆಯ ದಿನದ ಚಿತ್ರೀಕರಣ ನವೆಂಬರಿನ ಚಳಿಯಲ್ಲಿ ಮುಗಿಯಿತು. ಸುಮಾರು ಎರಡು ವರ್ಷದಿಂದ ಕುಡಿತ ಬಿಟ್ಟಿದ್ದ ಪೊಲಾಕ್ ಒಳಗೆ ಬಂದವನೇ ಮದ್ಯ ಸುರಿದುಕೊಂಡ. ಆ ರಾತ್ರಿ ಅತಿಥಿಗಳೆಲ್ಲ ಕೂತಿದ್ದ ಊಟದ ಮೇಜನ್ನು ಪಾತ್ರೆಪಡಗದ ಸಮೇತ ಕವುಚಿ ಹಾಕಿದ. ಕ್ಯಾಮೆರಾದ ಎದುರು ತನ್ನನ್ನೇ ತಾನು ನಟಿಸಬೇಕಾಗಿ ಬಂದದ್ದು ಆತನನ್ನು ಕಾಡಿತು ಎಂದು ಜೀವನಚರಿತ್ರೆಕಾರರು ಬರೆಯುತ್ತಾರೆ. ಒಂದು ಸಿನಿಮಾ ಒಬ್ಬನನ್ನು ಕುಡಿತಕ್ಕೆ ತಳ್ಳಿತು ಎಂದು ನಾನು ಹೇಳಲಾರೆ, ಮನುಷ್ಯರು ಅಷ್ಟು ಸರಳವಲ್ಲ. ಆದರೆ 1951ರಲ್ಲಿ ಹೊರಬಂದ ಆ ಹತ್ತು ನಿಮಿಷದ ಚಿತ್ರದಲ್ಲಿ ಇದರ ಒಂದು ಎಳೆಯೂ ಇಲ್ಲ. ಸಂಕಲನದಲ್ಲಿ ಜೊತೆಗಿದ್ದ ಪಾಲ್ ಫಾಲ್ಕನ್‌ಬರ್ಗ್ ಪಳಗಿದ ಕೈ. ಫ್ರಿಟ್ಸ್ ಲಾಂಗ್‌ನ 'ಎಂ' ಚಿತ್ರವನ್ನು ಸಂಕಲಿಸಿದವನು. ಪೊಲಾಕ್‌ನ ದನಿ ಬೇರೆಯಾಗಿ ಧ್ವನಿಮುದ್ರಣಗೊಂಡು ಚಿತ್ರದ ಮೇಲೆ ಬಂದು ಕೂತಿದೆ. ತಡವರಿಕೆ ಇಲ್ಲ, ಚಳಿ ಇಲ್ಲ, ಸಿಟ್ಟಿಲ್ಲ. ಸ್ವಚ್ಛವಾದ ಕೆಲಸ. ನನ್ನ ಹನ್ನೆರಡು ನಿಮಿಷದಷ್ಟೇ ಸ್ವಚ್ಛ.

ಸ್ವಚ್ಛಗೊಳಿಸಿದ್ದನ್ನು ಒಪ್ಪಿಕೊಂಡವರೂ ಇದ್ದಾರೆ. ಡೇವಿಡ್ ಸಿಲ್ವೆಸ್ಟರ್ ಇಂಗ್ಲೆಂಡಿನ ವಿಮರ್ಶಕ. 1962ರಿಂದ ಶುರುಮಾಡಿ ವರ್ಷಗಟ್ಟಲೆ ಫ್ರಾನ್ಸಿಸ್ ಬೇಕನ್‌ನನ್ನು ರೇಡಿಯೋ, ಟಿವಿಗಳಿಗಾಗಿ ಸಂದರ್ಶಿಸಿ, 1975ರಲ್ಲಿ ಪುಸ್ತಕ ಮಾಡಿದ. ಕಲಾವಿದರ ಸಂದರ್ಶನ ಎಂದರೆ ಹೀಗಿರಬೇಕು ಎಂದು ನಮಗೆ ತರಗತಿಯಲ್ಲಿ ತೋರಿಸುವ ಪುಸ್ತಕ ಅದು. ಅದರ ಮುನ್ನುಡಿಯಲ್ಲಿ ಸಿಲ್ವೆಸ್ಟರ್ ಮುಚ್ಚುಮರೆಯಿಲ್ಲದೆ ಹೇಳಿಕೊಳ್ಳುತ್ತಾನೆ: ಬೇರೆಬೇರೆ ದಿನದ ಮಾತುಗಳನ್ನು ಕತ್ತರಿಸಿ ಹೊಲಿದಿದ್ದೇನೆ, ಆ ಹೊಲಿಗೆ ಕಾಣದಿರಲೆಂದು ನನ್ನ ಪ್ರಶ್ನೆಗಳನ್ನು ಬದಲಿಸಿದ್ದೇನೆ, ಕೆಲವನ್ನು ಹೊಸದಾಗಿ ಹುಟ್ಟಿಸಿಯೂ ಇದ್ದೇನೆ ಎನ್ನುವ ಅರ್ಥದಲ್ಲಿ. ಉತ್ತರ ಬಂದು ಎಷ್ಟೋ ಕಾಲದ ಮೇಲೆ ಹುಟ್ಟಿದ ಪ್ರಶ್ನೆ! ಮೊದಲ ಸಲ ಓದಿದಾಗ ಬೆಚ್ಚಿದೆ. ಈಗ ಆ ಮುನ್ನುಡಿಗಾಗಿಯೇ ಆತನ ಮೇಲೆ ಗೌರವ. ನಮ್ಮ ಚಿತ್ರದ ಕೊನೆಯಲ್ಲಿ ನಾವು ನಾಲ್ಕು ಜನರ ಹೆಸರು, ಕ್ಯಾಮೆರಾ ಕೊಟ್ಟವರಿಗೆ ಕೃತಜ್ಞತೆ ಎಲ್ಲ ಹಾಕಿದೆವು. ಎಷ್ಟು ಕತ್ತರಿಸಿದೆವು ಎಂದು ಒಂದು ಸಾಲು ಹಾಕಬೇಕೆಂದು ಹೊಳೆಯಲೇ ಇಲ್ಲ.

ಇನ್ನು ನಮ್ಮ ದೇಶದ ಕಡೆ ಬರೋಣ. ಕಲಾಶಾಲೆಯ ವಿದ್ಯಾರ್ಥಿಯೊಬ್ಬ ತನ್ನ ಮೇಷ್ಟ್ರ ಬಗ್ಗೆ ಮಾಡಿದ ಚಿತ್ರಗಳಲ್ಲಿ ನನಗೆ ಎಲ್ಲಕ್ಕಿಂತ ಹತ್ತಿರವಾದದ್ದು ಸತ್ಯಜಿತ್ ರಾಯ್ ಅವರ 'ದಿ ಇನ್ನರ್ ಐ'. ರಾಯ್ 1940ರಿಂದ 1942ರವರೆಗೆ ಶಾಂತಿನಿಕೇತನದ ಕಲಾಭವನದಲ್ಲಿ ವಿದ್ಯಾರ್ಥಿ. ಅಲ್ಲಿನ ಮುಖ್ಯಸ್ಥರು ನಂದಲಾಲ್ ಬೋಸ್, ಅಂದರೆ ಕಲ್ಕತ್ತದಲ್ಲಿ ಅವನೀಂದ್ರನಾಥ ಠಾಕೂರರ ಬಳಿ ನಮ್ಮ ಮೈಸೂರಿನ ಕೆ. ವೆಂಕಟಪ್ಪನವರ ಜೊತೆ ಕಲಿತವರು. ರಾಯ್‌ಗೆ ಕಲಿಸಿದ ಇನ್ನೊಬ್ಬರು ವಿನೋದ್‌ಬಿಹಾರಿ ಮುಖರ್ಜಿ. ಹುಟ್ಟಿನಿಂದಲೇ ಅವರ ದೃಷ್ಟಿ ಮಂದ. ಒಂದು ಕಣ್ಣು ಇಲ್ಲವೇ ಇಲ್ಲ ಎನ್ನುವ ಹಾಗೆ, ಇನ್ನೊಂದರಲ್ಲಿ ಅಷ್ಟಿಷ್ಟು. ಅದರಲ್ಲೇ ಗೋಡೆಗೋಡೆಗಳ ಮೇಲೆ ಭಿತ್ತಿಚಿತ್ರ ಬರೆದರು. 1940ರಲ್ಲಿ ರಾಯ್ ಅಲ್ಲಿಗೆ ಹೋದಾಗ ಹಾಸ್ಟೆಲಿನ ಚಾವಣಿಯ ಮೇಲೆ ಅವರು ಬೀರ್‌ಭೂಮ್ ಸೀಮೆಯ ಚಿತ್ರ ಬರೆದ ವರ್ಷ. ಮುಂದೆ ಹಿಂದಿ ಭವನದ ಗೋಡೆಗಳ ಮೇಲೆ ಮಧ್ಯಯುಗದ ಸಂತರನ್ನು ಬರೆದರು. ಐವತ್ತು ದಾಟಿದ ಮೇಲೆ ಕಣ್ಣಿನ ಶಸ್ತ್ರಚಿಕಿತ್ಸೆ ಕೈಕೊಟ್ಟು ಇದ್ದ ಬೆಳಕೂ ಹೋಯಿತು. ನಿಲ್ಲಿಸಲಿಲ್ಲ. ಕಾಗದ ಕತ್ತರಿಸಿ ಅಂಟಿಸಿದರು, ಬೆರಳಿನ ಅಂದಾಜಿನಲ್ಲಿ ಗೆರೆ ಎಳೆದರು, ಕಲಾಭವನದಲ್ಲಿ ಪಾಠ ಮಾಡಿದರು, ಬಣ್ಣದ ಟೈಲುಗಳಿಂದ ದೊಡ್ಡ ಭಿತ್ತಿಯನ್ನೇ ಕಟ್ಟಿದರು.

ಶಿಷ್ಯ 1972ರಲ್ಲಿ ಫಿಲ್ಮ್ಸ್ ಡಿವಿಷನ್‌ಗಾಗಿ ಇಪ್ಪತ್ತು ನಿಮಿಷದ ಚಿತ್ರ ಮಾಡಿದ. ಅದರಲ್ಲಿ ಪ್ರಶ್ನೋತ್ತರಕ್ಕಿಂತ ವಿವರಣೆಯೇ ಹೆಚ್ಚು, ಮತ್ತು ಆ ವಿವರಣೆಯ ದನಿ ರಾಯ್ ಅವರದೇ. ಗಿಟ್ರಿಯ ಹಾಗೆಯೇ ಮೇಷ್ಟ್ರ ಪರವಾಗಿ ಶಿಷ್ಯನೇ ಮಾತಾಡುತ್ತಾನೆ ಎಂದು ಯಾರಾದರೂ ಆಕ್ಷೇಪಿಸಬಹುದು. ನಾನೂ ಒಮ್ಮೆ ಸೆಮಿನಾರಿನಲ್ಲಿ ಹಾಗೇ ವಾದಿಸಿದ್ದೆ. ಈಗ ಹಾಗನ್ನಿಸುವುದಿಲ್ಲ. ರಾಯ್ ಮಾತನ್ನು ತಾವು ವಹಿಸಿಕೊಂಡದ್ದರಿಂದಲೇ ವಿನೋದ್‌ಬಿಹಾರಿ ಸುಮ್ಮನಿರಬಹುದಾಯಿತು. ಕ್ಯಾಮೆರಾ ಅವರ ಕೈ ವಸ್ತುಗಳನ್ನು ತಡವುವುದನ್ನು ನೋಡುತ್ತದೆ. ಅವಸರವಿಲ್ಲ, 'ಕಣ್ಣು ಹೋದಾಗ ಹೇಗನ್ನಿಸಿತು' ಎಂದು ಕೇಳುವ ಬಾಯಿಬಡುಕತನ ಇಲ್ಲ. ಇಲ್ಲಿ ಕೈ ತೋರಿಸುವುದು ಗಾಯ ಮುಚ್ಚಲು ಅಲ್ಲ. ಆ ಕೈಯೇ ವಿಷಯ. ಕೊನೆಗೆ ನಿಖಿಲ್ ಬ್ಯಾನರ್ಜಿಯವರ ಸಿತಾರ್.

ಮೂರು ವರ್ಷದ ನಂತರ, 1975ರಲ್ಲಿ, ಅದೇ ಶಾಂತಿನಿಕೇತನಕ್ಕೆ ಋತ್ವಿಕ್ ಘಟಕ್ ಹೋದರು. ವಿನೋದ್‌ಬಿಹಾರಿಯವರ ಸಮಕಾಲೀನ, 'ಸಂತಾಲ ಕುಟುಂಬ'ದ ಶಿಲ್ಪಿ ರಾಮಕಿಂಕರ್ ಬೈಜ್ ಅವರನ್ನು ಚಿತ್ರೀಕರಿಸಲು. ಇದು ರಾಯ್ ಚಿತ್ರಕ್ಕೆ ಪೂರಾ ವಿರುದ್ಧ. ಘಟಕ್ ತಾವೇ ಚೌಕಟ್ಟಿನೊಳಗೆ ಬಂದು ಕೂರುತ್ತಾರೆ. ಇಬ್ಬರದೂ ಹಳೆಯ ಸ್ನೇಹಿತರ ಹರಟೆ. ಸೂರು ಸೋರುವ ಕಡೆ ತನ್ನದೇ ಎಣ್ಣೆಬಣ್ಣದ ಕ್ಯಾನ್ವಾಸುಗಳನ್ನು ಅಡ್ಡ ಕಟ್ಟಿ ಮಳೆನೀರು ತಡೆದ ಕತೆಯನ್ನು ರಾಮಕಿಂಕರ್ ನಗುತ್ತಾ ಹೇಳುತ್ತಾರೆ. ಚಿತ್ರ ಮುಗಿಯುವ ಮೊದಲೇ, 1976ರ ಫೆಬ್ರವರಿಯಲ್ಲಿ ಘಟಕ್ ತೀರಿಕೊಂಡರು. ಉಳಿದದ್ದನ್ನು ಮುಂದೆ ಅವರ ಮಗ ಜೋಡಿಸಿ ಜನರೆದುರು ತಂದರು. ಅಲ್ಲಲ್ಲಿ ಹರಕು, ಅಲ್ಲಲ್ಲಿ ಮುರುಕು. ಚರಿತ್ರೆಯ ವಿದ್ಯಾರ್ಥಿಗೆ ಅದು ಕಣಜ. ಘಟಕ್ ಬದುಕಿದ್ದು ಸಂಕಲನದ ಮೇಜಿಗೆ ಕೂತಿದ್ದರೆ ಅದು ಇನ್ನೂ ದೊಡ್ಡ ಸಿನಿಮಾ ಆಗುತ್ತಿತ್ತು, ಅನುಮಾನವಿಲ್ಲ. ಆದರೆ ಏನೇನು ಕತ್ತರಿಗೆ ಹೋಗುತ್ತಿತ್ತೋ.

ಇಷ್ಟೆಲ್ಲ ನೋಡಿ, ಓದಿ, ಟಿಪ್ಪಣಿ ಮಾಡಿಕೊಳ್ಳುತ್ತಿದ್ದಾಗ 2023ರಲ್ಲಿ ಮೈಸೂರಿನಿಂದ ಫೋನು ಬಂತು. ಮೇಷ್ಟ್ರು ಎರಡು ವರ್ಷದ ಹಿಂದೆ ತೀರಿಕೊಂಡಿದ್ದರು. ಅವರಿಗೆ ಮಕ್ಕಳಿರಲಿಲ್ಲ. ಮನೆ ಖಾಲಿ ಮಾಡಿಸುತ್ತಿದ್ದ ಅವರ ತಂಗಿಯ ಮಗಳು ಹಳೆಯ ನಮ್ಮ ಕಾಗದದಲ್ಲಿ ನನ್ನ ನಂಬರು ಕಂಡು ಫೋನು ಮಾಡಿದ್ದರು. "ಮಾವನ ಬೀರುವಲ್ಲಿ ಒಂದು ಕಟ್ಟು ಸಿಕ್ಕಿದೆ, ಬಂದು ನೋಡ್ತೀರಾ?"

ಹೋದೆ. ಹಳೆಯ ಪಂಚೆಯಲ್ಲಿ ಸುತ್ತಿಟ್ಟ ಹದಿನೇಳು ಜಲವರ್ಣ ಚಿತ್ರಗಳು. ಮೇಷ್ಟ್ರ ಕೆಲಸ ನನಗೆ ಚೆನ್ನಾಗಿ ಗೊತ್ತು. ಅವರು ನೀರನ್ನು ಜಿಪುಣತನದಿಂದ ಬಳಸುವವರು. ಒಣ ಕುಂಚ, ಬಿಗಿಯಾದ ಗೆರೆ, ಕೆಳಗೆ ಬಲಮೂಲೆಯಲ್ಲಿ ಕನ್ನಡದಲ್ಲಿ ಸಹಿ, ಇಸವಿ. ಈ ಹದಿನೇಳರಲ್ಲಿ ಸಹಿಯಿಲ್ಲ. ನೀರು ಕಾಗದದ ಮೇಲೆ ತನಗೆ ಬೇಕಾದ ಕಡೆ ಹರಿದಿದೆ. ಹಿತ್ತಲು, ಒಗೆಯುವ ಕಲ್ಲು, ಬಾವಿಕಟ್ಟೆ, ಕಿಟಕಿಯ ಸರಳಿನಿಂದ ಕಂಡ ಬೀದಿ. ಹದಿನೇಳರಲ್ಲಿ ಒಂದೂ ಮನೆಯ ಕಾಂಪೌಂಡು ದಾಟಿ ಹೋಗಿಲ್ಲ.

ಮೇಷ್ಟ್ರ ಹೆಂಡತಿಯೂ ಮದುವೆಗೆ ಮುಂಚೆ ಚಿತ್ರಕಲೆ ಕಲಿಯುತ್ತಿದ್ದರಂತೆ ಎಂದು ಅವರ ಹಳೆಯ ಸಹೋದ್ಯೋಗಿಯೊಬ್ಬರು ನನಗೆ ಸಂದರ್ಶನದ ಹಿಂದಿನ ದಿನ ಹೇಳಿದ್ದರು. ಆಕೆ ತೀರಿಕೊಂಡು ಆಗಲೇ ಹನ್ನೊಂದು ವರ್ಷ. ಅದಕ್ಕೇ ನಾನು ಸಂದರ್ಶನದ ಕೊನೆಗೆ ಕೇಳಿದ್ದೆ. ಕೇಳಿದ್ದು ನೆನಪಿತ್ತು. ಅವರು ಉತ್ತರ ಕೊಡದೆ ಸುಮ್ಮನಿದ್ದದ್ದೂ ನೆನಪಿತ್ತು. ಹನ್ನೆರಡು ನಿಮಿಷದ ಚಿತ್ರದಲ್ಲಿ ಅದು ಇಲ್ಲ. ಪರದೆಯ ಮೇಲೆ ಉದ್ದನೆಯ ಬಯಲಾಗಿ ಕಂಡಿತ್ತು, ಪ್ರಶ್ನೆಯ ಸಮೇತ ಅಳಿಸಿದ್ದೆ.

ನನ್ನ ಪ್ರಬಂಧದ ವಿಷಯವೇ ಹಳೆ ಮೈಸೂರು ಸೀಮೆಯ ಡ್ರಾಯಿಂಗ್ ಮೇಷ್ಟ್ರುಗಳು. ಅದರಲ್ಲಿ ಹೆಂಗಸರ ಹೆಸರು ಹುಡುಕಿ ಹುಡುಕಿ ಸೋತಿದ್ದೆ. ಬೆಂಗಳೂರಿಗೆ ಬಂದವಳೇ ಹಳೆಯ ಹಾರ್ಡ್‌ಡಿಸ್ಕುಗಳನ್ನೆಲ್ಲ ತೆಗೆದು ಕೂತೆ. ಸಂಕಲಿಸಿದ ಚಿತ್ರ ಮೂರು ಕಡೆ ಇತ್ತು. ಮೂಲ ಚಿತ್ರಿಕೆ ಎಲ್ಲಿಯೂ ಇರಲಿಲ್ಲ. 2018ರ ಕೊನೆಗೆ ಇನ್ನೊಂದು ಸಂದರ್ಶನಕ್ಕೆ ಜಾಗ ಸಾಲದೆ ಅಳಿಸಿದ್ದೆ. ಅಳಿಸಿದ ನೆನಪೂ ಇದೆ. 'ಫೈನಲ್ ಆಗಿದೆಯಲ್ಲ, ಇನ್ನೇಕೆ' ಎಂದು ಗೆಳತಿಗೆ ಹೇಳಿದ್ದೂ ಇದೆ. ಉಳಿದಿದ್ದು ಕಾಲರ್ ಮೈಕಿನ ಆಡಿಯೋ ಮಾತ್ರ. ಅದು ರೆಕಾರ್ಡರಿನ ಪುಟ್ಟ ಕಾರ್ಡಿನಲ್ಲಿ ಯಾರ ಕಣ್ಣಿಗೂ ಬೀಳದೆ ಕೂತಿತ್ತು.

ಎರಡು ಗಂಟೆ ಇಪ್ಪತ್ತೊಂಬತ್ತನೇ ನಿಮಿಷದಲ್ಲಿ ನನ್ನ ದನಿ: "ಅಮ್ಮಾನೂ ಚಿತ್ರ ಬರೀತಿದ್ರಂತೆ, ಹೌದಾ ಸರ್?" ಆಮೇಲೆ 38 ಸೆಕೆಂಡು ಮಾತಿಲ್ಲ. ಹೆಡ್‌ಫೋನ್ ಹಾಕಿಕೊಂಡು ಎಷ್ಟೋ ಸಲ ಕೇಳಿದ್ದೇನೆ. ದೂರದಲ್ಲಿ ಕೋಗಿಲೆ. ಪಕ್ಕದ ಮನೆಯ ಕುಕ್ಕರು ಎರಡು ಸಲ ಕೂಗುತ್ತದೆ. ಹದಿನಾಲ್ಕನೇ ಸೆಕೆಂಡಿಗೆ ಬೆತ್ತದ ಕುರ್ಚಿ ಕಿರಕ್ಕೆನ್ನುತ್ತದೆ, ಮೈಕಿಗೆ ಅಂಗಿ ಉಜ್ಜಿದ ಸದ್ದು. ಅವರು ತಿರುಗಿದ್ದಾರೆ. ಯಾವ ಕಡೆಗೆ? ಎಡಕ್ಕೆ ತಿರುಗಿದ್ದರೆ ಕಿಟಕಿ. ಬಲಕ್ಕೆ ತಿರುಗಿದ್ದರೆ ಬೀರು, ಆ ಕಟ್ಟು ಸಿಕ್ಕಿದ ಬೀರು. ಕ್ಯಾಮೆರಾದ ಹಿಂದೆ ಐದಡಿ ದೂರದಲ್ಲಿ ನಾನೇ ಕೂತಿದ್ದೆ, ನೋಡಿದ್ದೆ. ಈಗ ಕಣ್ಣು ಮುಚ್ಚಿದರೆ ಒಮ್ಮೆ ಎಡಕ್ಕೆ ತಿರುಗಿದಂತೆ ಕಾಣುತ್ತದೆ, ಒಮ್ಮೆ ಬಲಕ್ಕೆ.

ಪ್ರಬಂಧದಲ್ಲಿ ಆ ಹದಿನೇಳು ಚಿತ್ರಗಳಿಗೆ 'ಕಲಾವಿದರು ಗೊತ್ತಿಲ್ಲ' ಎಂದು ಬರೆದಿದ್ದೇನೆ. ಮಾರ್ಗದರ್ಶಕರು ಅದೇ ಸರಿ ಎಂದಿದ್ದಾರೆ.

ಮೂವತ್ತೆಂಟು ಸೆಕೆಂಡು ಕಳೆದ ಮೇಲೆ ಮೇಷ್ಟ್ರ ದನಿ ಕೇಳುತ್ತದೆ: "ಫ್ಯಾನ್ ಹಾಕ್ಬಿಡಮ್ಮ, ಸೆಖೆ ತಡೆಯಕ್ಕಾಗ್ತಿಲ್ಲ." ನಾನು ಏಳುವ ಸದ್ದು, ಹವಾಯಿ ಚಪ್ಪಲಿಯ ಸದ್ದು, ಸ್ವಿಚ್ಚು. ಅಲ್ಲಿಂದ ಮುಂದೆ ಹನ್ನೊಂದು ನಿಮಿಷ ಬರೀ ಫ್ಯಾನು.